ರೂಢಿಯ ಲೆಕ್ಕ: ಮೊದಲು ಬದಲಾಗುವವರು ತೆರುವ ಬೆಲೆ

(ಪುಣೆಯಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಜನರು ತಮ್ಮ ರೂಢಿಗಳನ್ನು ಏಕೆ ಬಿಡುವುದಿಲ್ಲ ಎಂಬ ಪ್ರಶ್ನೆಗೆ ಸುಧಾರಣೆಯ ವೇದಿಕೆಗಳಲ್ಲಿ ಸಿದ್ಧ ಉತ್ತರವೊಂದಿದೆ: ಅಜ್ಞಾನ. ವಿದ್ಯೆ ಬಂದರೆ ರೂಢಿ ತಾನಾಗಿ ಕಳಚಿ ಬೀಳುತ್ತದೆ ಎಂಬುದು ನೂರು ವರ್ಷಗಳಿಂದ ಕೇಳಿಬಂದ ಮಾತು. ಜೈನ ಸಮಾಜದ ಮಟ್ಟಿಗೆ ಈ ಉತ್ತರ ನಿಲ್ಲುವುದಿಲ್ಲ. 2001ರ ಜನಗಣತಿಯ ಪ್ರಕಾರ ಜೈನರ ಸಾಕ್ಷರತೆ ಶೇಕಡಾ 94.1. ದೇಶದ ಧರ್ಮ ಸಮುದಾಯಗಳಲ್ಲಿ ಅದೇ ಅತಿ ಹೆಚ್ಚು. ಅದೇ ಜನಗಣತಿಯಲ್ಲಿ ಆರು ವರ್ಷದವರೆಗಿನ ಜೈನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು 870. ದೇಶದ ಸರಾಸರಿ 927. ಹತ್ತು ವರ್ಷಗಳ ನಂತರ ಜೈನರ ಸಂಖ್ಯೆ 889ಕ್ಕೆ ಏರಿತು. ಆಗಲೂ ಅದು ದೇಶದ ಸರಾಸರಿಯನ್ನು ಮುಟ್ಟಲಿಲ್ಲ. ನೀರನ್ನು ಸೋಸಿ ಕುಡಿಯುವ, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ, ಓದು ಬರಹ ಬಲ್ಲ ಸಮಾಜದ ಅಂಕಿ ಇದು. ಗಂಡು ಬೇಕೆಂಬ ರೂಢಿಯನ್ನು ವಿದ್ಯೆ ಅಳಿಸಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ಈ ಸಮಾಜ ಬದಲಾವಣೆಗೆ ಬೆನ್ನು ತಿರುಗಿಸಿ ಕುಳಿತಿದೆ ಎನ್ನುವಂತೆಯೂ ಇಲ್ಲ. ಕೆಂಪು ಬಟ್ಟೆಯ ಹೊದಿಕೆಯ ಕಿರ್ದಿ ಖಾತೆಗಳು ಹೋಗಿ ಗಣಕಯಂತ್ರದ ಲೆಕ್ಕ ಬಂದಾಗ ವ್ಯಾಪಾರಿಗಳು ಅಡ್ಡಿ ಮಾಡಲಿಲ್ಲ. ಕಾಣಿಕೆ ಡಬ್ಬಿಯ ಪಕ್ಕದಲ್ಲಿ ಯುಪಿಐ ಫಲಕ ಬಂದಾಗ ಧರ್ಮಕ್ಕೆ ಕುಂದಾಯಿತೆಂದು ಯಾರೂ ಕೂಗಲಿಲ್ಲ. ಮನೆಯಂಗಳದ ಚಪ್ಪರ ಹೋಗಿ ಮಂಗಲ ಕಾರ್ಯಾಲಯ ಬಂತು. ಪಂಕ್ತಿಯ ಊಟ ಹೋಗಿ ನಿಂತು ಉಣ್ಣುವ ಊಟ ಬಂತು. ಇವೂ ತಲೆಮಾರುಗಳಿಂದ ಬಂದ ರೂಢಿಗಳೇ ಆಗಿದ್ದವು. ಹತ್ತು ಹದಿನೈದು ವರ್ಷಗಳಲ್ಲಿ ಸದ್ದಿಲ್ಲದೆ ಹೋದವು.

ಇನ್ನೊಂದು ನೆನಪು ಎಲ್ಲರ ಮನೆಯದು. 2020ರ ಸಾಂಕ್ರಾಮಿಕದ ಕಾಲದಲ್ಲಿ ಮದುವೆಗೆ ಐವತ್ತು ಜನರ ಮಿತಿ ಬಂತು. ಸಾವಿರ ಎಲೆ ಬೀಳದೆ ಮದುವೆಯೇ ಆಗದು ಎನ್ನುತ್ತಿದ್ದ ಮನೆತನಗಳು ಐವತ್ತು ಜನರಲ್ಲಿ ಅಕ್ಷತೆ ಹಾಕಿ ಮುಗಿಸಿದವು. ಯಾರ ಮಾನವೂ ಹೋಗಲಿಲ್ಲ. ಮಿತಿ ತೆರವಾದೊಡನೆ ಮತ್ತೆ ಸಾವಿರ ಎಲೆ. ಐವತ್ತು ಜನರ ಮದುವೆ ಅಧರ್ಮವೆಂಬ ನಂಬಿಕೆ ಇದ್ದಿದ್ದರೆ ಆಗಲೂ ಅದು ಆಗುತ್ತಿರಲಿಲ್ಲ. ಆ ವರ್ಷ ಎಲ್ಲರೂ ಒಟ್ಟಿಗೆ ಬದಲಾದರು. ಆದುದರಿಂದ ಯಾರೊಬ್ಬರೂ ಜಿಪುಣರೆಂಬ ಹೆಸರು ಹೊರಲಿಲ್ಲ. ಈಗ ಯಾವನಾದರೂ ಒಬ್ಬನೇ ಐವತ್ತು ಜನರನ್ನು ಕರೆದರೆ ಆ ಹೆಸರು ಅವನೊಬ್ಬನ ಪಾಲಿಗೆ ಬರುತ್ತದೆ.

ಇಲ್ಲಿ ಒಂದು ಲೆಕ್ಕ ಗೋಚರಿಸುತ್ತದೆ. ರೂಢಿ ಬದಲಾದರೆ ದೊರೆಯುವ ಲಾಭ ಸಮಾಜದ ಎಲ್ಲರಿಗೂ ಹಂಚಿಹೋಗುತ್ತದೆ. ಅದರ ಖರ್ಚು ಮಾತ್ರ ಮೊದಲು ಬದಲಾದವನ ಖಾತೆಗೆ ಬೀಳುತ್ತದೆ. ಬದಲಾವಣೆ ಯಾರಿಗೂ ಭಾರವಲ್ಲದಾಗ ಅದು ತಾನಾಗಿ ನಡೆಯುತ್ತದೆ. ಮೊದಲಿಗನಿಗೆ ಭಾರವಾದಾಗ ಎಲ್ಲರೂ ಎರಡನೆಯವರಾಗಲು ಕಾಯುತ್ತಾರೆ. ಬೆಕ್ಕಿಗೆ ಗಂಟೆ ಕಟ್ಟಬೇಕೆಂಬ ಗೊತ್ತುವಳಿ ಸರ್ವಾನುಮತದಿಂದ ಆಗುತ್ತದೆ. ಕಟ್ಟುವವರ ಹೆಸರಿನ ಜಾಗ ಖಾಲಿ ಉಳಿಯುತ್ತದೆ.

ಪುಣೆಯ ನೆಲ ಈ ಲೆಕ್ಕವನ್ನು ಚೆನ್ನಾಗಿ ಬಲ್ಲದು. 1890ರಲ್ಲಿ ಇಲ್ಲಿಯ ಪಂಚಹೌದ ಮಿಷನ್ನಿನಲ್ಲಿ ಒಂದು ಸಭೆ ನಡೆಯಿತು. ಬಂದವರಿಗೆ ಚಹಾ, ಬಿಸ್ಕತ್ತು ಇಡಲಾಯಿತು. ಬಂದವರಲ್ಲಿ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರೂ ಬಾಲ ಗಂಗಾಧರ ಟಿಳಕರೂ ಇದ್ದರು. ಗೋಪಾಳರಾವ್ ಜೋಶಿಯವರು ಬಂದವರ ಹೆಸರುಗಳನ್ನು ಪತ್ರಿಕೆಗೆ ಕೊಟ್ಟರು. ಕ್ರೈಸ್ತರ ಮನೆಯ ಚಹಾ ಮುಟ್ಟಿದ ವಿಷಯ ಶಂಕರಾಚಾರ್ಯರ ಪೀಠದವರೆಗೆ ಹೋಯಿತು. ಸಾಮಾಜಿಕ ಪರಿಷತ್ತನ್ನು ಕಟ್ಟಿ ದೇಶಕ್ಕೆ ಸುಧಾರಣೆಯ ಪಾಠ ಹೇಳಿದ ರಾನಡೆಯವರು 1892ರಲ್ಲಿ ಪ್ರಾಯಶ್ಚಿತ್ತ ಮಾಡಿಕೊಂಡರು. ಟಿಳಕರೂ ಪ್ರಾಯಶ್ಚಿತ್ತದಿಂದಲೇ ಪಾರಾದರು. ರಾನಡೆಯವರ ಮೊದಲ ಪತ್ನಿ ತೀರಿಕೊಂಡಾಗ ಅವರು ವಿಧವೆಯನ್ನು ವರಿಸುವರೆಂದು ಸ್ನೇಹಿತರು ನಿರೀಕ್ಷಿಸಿದ್ದರು. ತಂದೆಯ ಒತ್ತಾಯಕ್ಕೆ ಮಣಿದು ಅವರು ಹನ್ನೊಂದು ವರ್ಷದ ಬಾಲೆ ರಮಾಬಾಯಿಯ ಕೈ ಹಿಡಿದರು. ಅವರಿಗಿಂತ ಹೆಚ್ಚು ಓದಿದವರು ಆಗಿನ ಪುಣೆಯಲ್ಲಿ ಎಷ್ಟು ಜನರಿದ್ದಾರು? ಶಾಸ್ತ್ರದ ವಾದದಲ್ಲಿ ಅವರನ್ನು ಗೆಲ್ಲುವವರು ವಿರಳ. ಆದರೂ ತಂದೆಯ ಮುಖ, ಬಂಧುಗಳ ಸಂಬಂಧ ಕಣ್ಣೆದುರು ಬಂದಾಗ ವಾದ ಹಿಂದೆ ಸರಿಯಿತು.

ಅದೇ ಪುಣೆಯಲ್ಲಿ ಲೆಕ್ಕದ ಪ್ರಾಧ್ಯಾಪಕರೊಬ್ಬರು ಬೇರೆ ದಾರಿ ಹಿಡಿದರು. ಫರ್ಗ್ಯುಸನ್ ಕಾಲೇಜಿನ ಧೋಂಡೋ ಕೇಶವ ಕರ್ವೆಯವರು 1893ರಲ್ಲಿ ವಿಧವೆ ಗೋದೂಬಾಯಿಯವರನ್ನು ಮದುವೆಯಾದರು. ಕೊಂಕಣದ ಅವರ ಸ್ವಂತ ಊರು ಮುರುಡ ಅವರಿಗೆ ಬಹಿಷ್ಕಾರ ಹಾಕಿತು. ಅವರು 1896ರಲ್ಲಿ ಆರಂಭಿಸಿದ ವಿಧವೆಯರ ಆಶ್ರಮ ಮುಂದೆ ಹಿಂಗಣೆಗೆ ಹೋಗಿ ಬೆಳೆಯಿತು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವೇ ಎದ್ದಿತು. 1958ರಲ್ಲಿ ಭಾರತರತ್ನ ಬಂತು. ಕೊನೆಯ ಪುಟದ ಗೌರವ ಓದುವವರಿಗೆ ಮೊದಲ ಪುಟದ ನಷ್ಟ ಮರೆತುಹೋಗುತ್ತದೆ. ಸ್ವಂತ ಊರಿನ ಬಾಗಿಲು ಮುಚ್ಚಿದಾಗ ಮುಂದೊಂದು ದಿನ ಪ್ರಶಸ್ತಿ ಬರುವುದೆಂದು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ.

ರೂಢಿಯನ್ನು ಕಾಯುವವರೆಲ್ಲರೂ ಅಂಜುಬುರುಕರೋ ಸ್ವಾರ್ಥಿಗಳೋ ಎಂದು ತಿಳಿಯುವುದೂ ಅನ್ಯಾಯ. ಜೈನ ಸಮಾಜದ ಸ್ವಂತ ಇತಿಹಾಸದಲ್ಲಿ ಇದಕ್ಕೆ ಉಜ್ಜ್ವಲ ನಿದರ್ಶನವಿದೆ. ಷಟ್ಖಂಡಾಗಮ ಮತ್ತು ಅದರ ಮೇಲೆ ವೀರಸೇನಾಚಾರ್ಯರು ರಚಿಸಿದ ಧವಲಾ ಟೀಕೆಯ ತಾಳೆಗರಿಗಳು ಉಳಿದುಬಂದದ್ದು ಮೂಡುಬಿದಿರೆಯ ಗುರುಬಸದಿಯಲ್ಲಿ, ಹಳೆಯ ಕನ್ನಡ ಲಿಪಿಯಲ್ಲಿ. ಶತಮಾನಗಳ ಕಾಲ ಯಾತ್ರಿಕರಿಗೆ ಅವುಗಳ ದರ್ಶನವಿತ್ತು, ಓದು ಇರಲಿಲ್ಲ. ನಕಲು ಮಾಡಿ ಹೊರಗೆ ಕೊಡುವುದಕ್ಕೆ ಕಾಯುವವರ ಒಪ್ಪಿಗೆ ಇರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಬಹಳ ಪ್ರಯತ್ನದ ಮೇಲೆ ನಕಲಿನ ಕೆಲಸ ಆರಂಭವಾಯಿತು. ಮುಗಿಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಆಗಲೂ ಪ್ರತಿ ಹೊರಗೆ ಹೋಗಬಾರದೆಂಬುದೇ ನಿಯಮ. ನಕಲು ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಸಿದ್ಧಪಡಿಸಿದರು. ಅದರಲ್ಲಿ ಅವರ ಪತ್ನಿ ಲಕ್ಷ್ಮೀಬಾಯಿಯವರ ಕೈಬರಹದ ದುಡಿಮೆಯೂ ಇತ್ತು. ಆ ಪ್ರತಿಯಿಂದ ಹುಟ್ಟಿದ ಪ್ರತಿಗಳು ಉತ್ತರ ಭಾರತಕ್ಕೆ ಹೋದವು. 1939ರಲ್ಲಿ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಮೊದಲ ಸಂಪುಟ ಅಚ್ಚಾಯಿತು. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹದಿನಾರು ಸಂಪುಟಗಳು ಹೊರಬಂದವು. ಈ ಕಾರ್ಯಕ್ಕೆ ಹೆಗಲು ಕೊಟ್ಟವರಲ್ಲಿ ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ಡಾ. ಆದಿನಾಥ ನೇಮಿನಾಥ ಉಪಾಧ್ಯೆಯವರೂ ಒಬ್ಬರು.

ಇಲ್ಲಿ ತಪ್ಪು ಯಾರದು? ಕಾದವರು ಕಾಯದಿದ್ದರೆ ಅಚ್ಚು ಹಾಕಲು ಗರಿಗಳೇ ಉಳಿಯುತ್ತಿರಲಿಲ್ಲ. ಕಾಯುತ್ತಲೇ ಕುಳಿತಿದ್ದರೆ ಗರಿಗಳು ಪುಡಿಯಾಗಿ ಪೂಜೆಯ ಗಂಟು ಮಾತ್ರ ಉಳಿಯುತ್ತಿತ್ತು. ಕಳೆದುಹೋದೀತೆಂಬ ಭಯ ಅಲ್ಪಸಂಖ್ಯಾತ ಸಮಾಜಕ್ಕೆ ಸಹಜ. ಆದರೆ ಈ ‘ಪುರಾತನ’ ರೂಢಿ ಎಷ್ಟು ಪುರಾತನ ಎಂಬುದನ್ನೂ ನೋಡಬೇಕು. ದಾನಚಿಂತಾಮಣಿ ಅತ್ತಿಮಬ್ಬೆ ಸಾವಿರ ವರ್ಷಗಳ ಹಿಂದೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಬ್ಬ ಶ್ರಾವಿಕೆ ಸಾವಿರ ಪ್ರತಿ ಮಾಡಿಸಿದ ಸಮಾಜದಲ್ಲಿ ಒಂಬತ್ತು ಶತಮಾನಗಳ ಮೇಲೆ ಒಂದು ಪ್ರತಿಗಾಗಿ ಇನ್ನೊಬ್ಬ ಶ್ರಾವಿಕೆ ಗುಟ್ಟಾಗಿ ಬರೆಯಬೇಕಾಯಿತು. ‘ಹಿಂದಿನಿಂದ ಬಂದದ್ದು’ ಎನ್ನುವಾಗ ಯಾವ ಹಿಂದಿನಿಂದ ಎಂದು ಕೇಳುವುದು ಅವಿನಯವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕ ಮಾಡುತ್ತದೆಂದು ತಾನೂ ಮಾಡುವುದನ್ನು ಲೋಕಮೂಢತೆ ಎಂದು ಹೆಸರಿಟ್ಟು ಸಮ್ಯಗ್ದರ್ಶನಕ್ಕೆ ಕಳಂಕವೆಂದು ಎಣಿಸಿದ್ದಾರೆ. ಪ್ರಶ್ನಿಸುವ ಅಧಿಕಾರ ಈ ಧರ್ಮದ ಒಳಗಿನದೇ.

ಇಷ್ಟು ಪೀಠಿಕೆಯ ನಂತರ, ಈ ಸಭೆಯಲ್ಲಿ ಕುಳಿತಿರುವ ಪ್ರತಿ ಮನೆಗೂ ಒಂದಲ್ಲ ಒಂದು ದಿನ ಬರುವ ರೂಢಿಯೊಂದರ ಕಡೆ ತಿರುಗಬೇಕು. ಅದು ಹೆಣ್ಣುಮಕ್ಕಳಿಂದ ಬರೆಯಿಸಿಕೊಳ್ಳುವ ಹಕ್ಕುಬಿಡುಗಡೆ ಪತ್ರ. ಪುಣೆಯ ಕಚೇರಿಗಳ ಮಾತಿನಲ್ಲಿ ‘ಹಕ್ಕಸೋಡ ಪತ್ರ’.

ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಚಿಕ್ಕೋಡಿ ಸೀಮೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಗೃಹಸ್ಥ ಸ್ವಂತ ದುಡಿಮೆಯಲ್ಲಿ ಮನೆ ಕೊಂಡ. ಮರಣಪತ್ರ ಬರೆಯದೆ ತೀರಿಕೊಂಡ. ಪತ್ನಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. ಅವನ ತಾಯಿ ಮೊದಲೇ ಗತಿಸಿದ್ದಾಳೆ. ಮನೆಯ ಬೆಲೆ 1 ಕೋಟಿ 20 ಲಕ್ಷ ಎಂದಿಟ್ಟುಕೊಂಡರೆ ಕಾನೂನಿನ ಪ್ರಕಾರ ನಾಲ್ವರಿಗೂ ತಲಾ 30 ಲಕ್ಷ. ಸೂತಕ ಕಳೆದು ಹದಿನೈದು ದಿನವಾಗಿಲ್ಲ, ಕಾಗದ ಸಿದ್ಧವಾಗುತ್ತದೆ. ಮಾವನೋ ಚಿಕ್ಕಪ್ಪನೋ ಫೋನು ಮಾಡುತ್ತಾರೆ: ‘ಅಕ್ಕಾ, ಒಂದು ಸಹಿ ಅಷ್ಟೆ, ನಾಳೆ ಬಂದು ಹೋಗವ್ವ.’ ಅಲ್ಪ ಮುದ್ರಾಂಕ ಶುಲ್ಕದಲ್ಲಿ ಕೆಲಸ ಮುಗಿಯುತ್ತದೆ. ಇಬ್ಬರು ಅಕ್ಕತಂಗಿಯರು 60 ಲಕ್ಷ ರೂಪಾಯಿ ಬಿಟ್ಟುಕೊಟ್ಟಿದ್ದಾರೆ. ಎಷ್ಟು ಬಿಟ್ಟರೆಂದು ಅವರಿಗೆ ಯಾರೂ ಹೇಳಿಲ್ಲ, ಅವರೂ ಕೇಳಿಲ್ಲ.

ಈ ಹಕ್ಕು ನಿನ್ನೆ ಮೊನ್ನೆಯದಲ್ಲ. ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾನೂನು ತಂದೆಯ ಸ್ವಯಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಕೊಟ್ಟದ್ದು 1956ರಲ್ಲಿ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಸಮಪಾಲು ಎಂದು 1994ರಲ್ಲಿ ಮಹಾರಾಷ್ಟ್ರ ಮತ್ತು ಕರ್ನಾಟಕಗಳು ತಿದ್ದುಪಡಿ ತಂದವು. ಆಗ ಮದುವೆಯಾಗಿ ಹೋದವರು ಹೊರಗುಳಿದರು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿ ಆ ಭೇದವನ್ನೂ ಅಳಿಸಿ, ಹೊಲಗದ್ದೆಗಳಿಗೂ ಹಕ್ಕನ್ನು ವಿಸ್ತರಿಸಿತು. ಆ ದಿನ ತಂದೆ ಬದುಕಿರಬೇಕಾಗಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಪಿತ್ತಿತು. ಕಾನೂನು ಮುಗಿಸಬೇಕಾದ ಕೆಲಸವನ್ನು ಬಹುಮಟ್ಟಿಗೆ ಮುಗಿಸಿದೆ, ಉಳಿದದ್ದು ಮನೆಯೊಳಗಿನದು.

ಇದೇ ಕಾನೂನಿನ ಇನ್ನೊಂದು ಮುಖವನ್ನು ಸಮಾಜ ಕೈಬೀಸಿ ಕರೆದಿದೆ. ಹಿಂದೂ ಅವಿಭಕ್ತ ಕುಟುಂಬದ ಹೆಸರಿನಲ್ಲಿ ಪ್ರತ್ಯೇಕ ಪ್ಯಾನ್, ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ತೆರಿಗೆ ವಿನಾಯಿತಿ ದೊರೆಯುವುದೆಂದು ತಿಳಿದಾಗ, ಜೈನರು ಹಿಂದೂಗಳಲ್ಲವೆಂದು ವೇದಿಕೆಯಲ್ಲಿ ಸಾಧಿಸುವವರೂ ಅರ್ಜಿಯಲ್ಲಿ ಸಂಕೋಚವಿಲ್ಲದೆ ಆ ಹೆಸರು ಬರೆಯುತ್ತಾರೆ. ಅದೇ ಅವಿಭಕ್ತ ಕುಟುಂಬದಲ್ಲಿ ಮಗಳೂ ಸಹಭಾಗಿ, ಅವಳೇ ಹಿರಿಯಳಾದರೆ ಕರ್ತೃವೂ ಆಗಬಹುದೆಂದು ದೆಹಲಿ ಉಚ್ಚ ನ್ಯಾಯಾಲಯ 2015ರಲ್ಲಿ ಹೇಳಿತು ಎಂದಾಗ ಮಾತ್ರ ‘ನಮ್ಮಲ್ಲಿ ಆ ಪದ್ಧತಿ ಇಲ್ಲ’ ಎಂಬ ಉತ್ತರ ಬರುತ್ತದೆ. ತೆರಿಗೆಯ ಲಾಭಕ್ಕೆ ಮನೆಯೊಳಗೆ ಯಾರೂ ಬೆಲೆ ತೆರಬೇಕಿಲ್ಲ. ಮಗಳ ಪಾಲಿಗೆ ಮಗ ತೆರಬೇಕು. ವ್ಯತ್ಯಾಸ ಅಷ್ಟೇ.

ಶಾಸ್ತ್ರ ಅಡ್ಡ ಬರುತ್ತದೆಯೇ? ಪಿಂಡ ಹಾಕಿ ತಂದೆಯನ್ನು ಉದ್ಧರಿಸಲು ಮಗನೇ ಬೇಕೆಂಬ ಮಾತು ಜೈನ ಸಿದ್ಧಾಂತದಲ್ಲಿಲ್ಲ. ಜೀವ ತನ್ನ ಕರ್ಮವನ್ನು ತಾನೇ ಸವೆಸಬೇಕು. ಆದುದರಿಂದಲೇ ಜೈನರ ಉತ್ತರಾಧಿಕಾರ ಪದ್ಧತಿ ಬೇರೆಯೆಂದು ನ್ಯಾಯಾಲಯಗಳು ಹಿಂದೆಯೇ ಗುರುತಿಸಿದ್ದವು. ಮಕ್ಕಳಿಲ್ಲದ ಜೈನ ವಿಧವೆಗೆ ಗಂಡನ ಸ್ವಯಾರ್ಜಿತದ ಮೇಲೆ ಪೂರ್ಣ ಒಡೆತನವುಂಟೆಂಬ ಜೈನರ ಪದ್ಧತಿಯನ್ನು 1878ರಲ್ಲಿ ಪ್ರಿವಿ ಕೌನ್ಸಿಲ್ ಎತ್ತಿಹಿಡಿಯಿತು. ಧವಲಾ ಗ್ರಂಥಗಳನ್ನು ಕಾದ ಅದೇ ಮೂಡುಬಿದಿರೆಯ ಸೀಮೆಯಲ್ಲಿ ಚೌಟ ಅರಸರು ಜೈನರು. ಅವರಲ್ಲಿ ನಡೆದದ್ದು ಅಳಿಯಸಂತಾನ, ಅಂದರೆ ಹೆಣ್ಣಿನ ಮೂಲಕ ಹರಿಯುವ ಆಸ್ತಿ. ಉಳ್ಳಾಲದ ರಾಣಿ ಅಬ್ಬಕ್ಕ ಆ ಮನೆತನದವಳು. ಘಟ್ಟದ ಕೆಳಗೆ ಧರ್ಮಕ್ಕೆ ಬಾಧೆಯಾಗದ್ದು ಘಟ್ಟದ ಮೇಲೆ ಬಾಧೆಯಾಗುವುದು ಹೇಗೆ?

ಹಾಗಿದ್ದರೂ ವಿರೋಧಕ್ಕೆ ಕಾರಣಗಳಿವೆ. ಅವುಗಳನ್ನು ಕೇಳಿಸಿಕೊಳ್ಳಲೇಬೇಕು.

ಮೊದಲನೆಯದು, ‘ಅವಳ ಮದುವೆಗೆ ಖರ್ಚು ಮಾಡಿದ್ದೇವೆ’ ಎಂಬುದು. ಲೆಕ್ಕ ಬಲ್ಲವರು ಖರ್ಚನ್ನೂ ಆಸ್ತಿಯನ್ನೂ ಒಂದೇ ಕಾಲಂನಲ್ಲಿ ಬರೆಯುವುದಿಲ್ಲ. ಮದುವೆಯ ಊಟ ಉಂಡವರು ಅತಿಥಿಗಳು; ಅದು ಮಗಳ ಕೈಯಲ್ಲಿ ಉಳಿದ ಆಸ್ತಿಯಲ್ಲ. ಹಾಗೆ ಎಣಿಸುವುದಾದರೆ ಮಗನ ಮದುವೆ, ಅವನ ಕಾಲೇಜಿನ ಶುಲ್ಕ, ಅಂಗಡಿಗೆ ಹಾಕಿಕೊಟ್ಟ ಬಂಡವಾಳ ಇವೂ ಅವನ ಖಾತೆಗೆ ಬರೆಯಲ್ಪಡಬೇಕು.

ಎರಡನೆಯದು, ಹೊಲ ಚೂರುಚೂರಾಗುತ್ತದೆ ಎಂಬುದು. ಇದು ನಿಜವಾದ ಭಯ. ಆದರೆ ನಾಲ್ವರು ಗಂಡುಮಕ್ಕಳಿದ್ದಾಗ ಅದೇ ಹೊಲ ನಾಲ್ಕಾಗುವುದನ್ನು ಯಾರೂ ತಡೆಯುವುದಿಲ್ಲ. ಉಳುವವನು ಹೊಲ ಇಟ್ಟುಕೊಂಡು ಅಕ್ಕತಂಗಿಯರಿಗೆ ಕಂತುಗಳಲ್ಲಿ ಹಣ ಕೊಡುವ, ಇಲ್ಲವೇ ವರ್ಷದ ಫಲದಲ್ಲಿ ಪಾಲು ಕೊಡುವ ಭಾಗಪತ್ರಕ್ಕೆ ಯಾವ ಅಡ್ಡಿಯೂ ಇಲ್ಲ.

ಮೂರನೆಯದು ಹೆಣ್ಣುಮಕ್ಕಳದೇ ಭಯ, ಎಲ್ಲಕ್ಕಿಂತ ದೊಡ್ಡದು: ಪಾಲು ಕೇಳಿದರೆ ತವರು ತಪ್ಪುತ್ತದೆ. ಪಂಚಮಿಗೆ ಕರೆಯಲು ಅಣ್ಣ ಬಾರದಿದ್ದರೆ? ಮಗಳ ಮದುವೆಯಲ್ಲಿ ಸೋದರಮಾವನ ಸ್ಥಾನ ಖಾಲಿ ಉಳಿದರೆ? ಮೂವತ್ತು ಲಕ್ಷಕ್ಕೆ ಅಣ್ಣನನ್ನು ಕಳೆದುಕೊಳ್ಳಲಾರೆ ಎಂಬ ತಂಗಿ ಮೂಢಳಲ್ಲ. ತನ್ನ ಲೆಕ್ಕವನ್ನು ಅವಳು ಸರಿಯಾಗಿಯೇ ಹಾಕಿದ್ದಾಳೆ. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರವನ್ನು ಅಪರಾಧವೆಂದು ಸಾರುವ ಕಾನೂನು ಮಾಡಿತು. ಪಂಚರು ಕೂಡಿ ಹಾಕುವ ಬಹಿಷ್ಕಾರವನ್ನು ಆ ಕಾನೂನು ಹಿಡಿಯಬಲ್ಲದು. ಅಣ್ಣ ಫೋನು ಎತ್ತದಿರುವುದನ್ನು ಯಾವ ಕಾನೂನು ಹಿಡಿಯುತ್ತದೆ? ಕರ್ವೆಯವರಿಗೆ ಒಂದು ಊರು ಹಾಕಿದ ಬಹಿಷ್ಕಾರವನ್ನು ಇಲ್ಲಿ ಒಂದು ಮನೆ ಸದ್ದಿಲ್ಲದೆ ಹಾಕುತ್ತದೆ. ಆದುದರಿಂದ ‘ಹೆಣ್ಣುಮಕ್ಕಳು ಧೈರ್ಯ ಮಾಡಿ ಕೇಳಬೇಕು’ ಎಂದು ಉಪದೇಶಿಸುವ ಸುಧಾರಕ ಅತಿ ದುಬಾರಿಯಾದ ಹೆಜ್ಜೆಯನ್ನು ಅತಿ ದುರ್ಬಲರ ಹೆಗಲಿಗೆ ಹಾಕುತ್ತಿದ್ದಾನೆ.

ತ್ಯಾಗದ ಮಾತೂ ಇಲ್ಲಿ ಬರುತ್ತದೆ. ಅಪರಿಗ್ರಹ ದೊಡ್ಡ ವ್ರತ. ತಿಳಿದು, ಕೈಯಲ್ಲಿ ಹಿಡಿದು, ಮನಸಾರೆ ಬಿಟ್ಟರೆ ಅದು ತ್ಯಾಗ. ಅಂಥ ತಂಗಿಗೆ ಕೈಮುಗಿಯಬೇಕು. ತನ್ನದೆಂದು ಯಾರೂ ಒಪ್ಪದ, ಎಷ್ಟೆಂದು ಯಾರೂ ಹೇಳದ ವಸ್ತುವಿನ ಮೇಲೆ ಸಹಿ ಪಡೆಯುವುದಕ್ಕೆ ಆ ಹೆಸರು ಸಲ್ಲದು. ವ್ರತವನ್ನು ಅಕ್ಕತಂಗಿಯರಿಗೂ ಪರಿಗ್ರಹವನ್ನು ಅಣ್ಣತಮ್ಮಂದಿರಿಗೂ ಹಂಚಿದ ಆಚಾರ್ಯರು ಯಾರೂ ಇಲ್ಲ.

ಊರು ಬಿಟ್ಟು ಬಂದ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಪುಣೆಯ ಬೀದಿಯಲ್ಲಿ ಮರಾಠಿ, ಕಚೇರಿಯಲ್ಲಿ ಇಂಗ್ಲಿಷ್. ಮಕ್ಕಳ ಕನ್ನಡ ಅಡುಗೆಮನೆಗೆ ಇಳಿದಿದೆ. ಭಾಷೆ ಸಡಿಲವಾದಂತೆ ರೂಢಿಯ ಹಿಡಿತ ಬಿಗಿಯಾಗುತ್ತದೆ. ತಾವು ಇನ್ನೂ ಆ ಊರಿನವರೇ ಎಂಬುದಕ್ಕೆ ಅದೇ ಗುರುತಿನ ಚೀಟಿ. ಬಿಟ್ಟ ದಿನದ ಊರನ್ನೇ ಗಂಟು ಕಟ್ಟಿಕೊಂಡು ಬಂದವರಿಗೆ, ಆಮೇಲೆ ಊರು ಎಷ್ಟು ದೂರ ನಡೆಯಿತೆಂಬುದು ಕಾಣುವುದಿಲ್ಲ. ಹಿಡಿದುಕೊಳ್ಳಲು ಉತ್ತಮವಾದದ್ದು ಬೇಕಾದಷ್ಟಿದೆ: ಕನ್ನಡ, ಸ್ವಾಧ್ಯಾಯ, ದಶಲಕ್ಷಣ ಪರ್ವ, ಶ್ರವಣಬೆಳಗೊಳದ ಯಾತ್ರೆ. ಮಗಳ ಸಹಿಯನ್ನು ಆ ಪಟ್ಟಿಯಲ್ಲಿ ಸೇರಿಸಬೇಕಾಗಿಲ್ಲ.

ಹಾಗಾದರೆ ದಾರಿ ಯಾವುದು? 1899ರಲ್ಲಿ ನಿಪ್ಪಾಣಿಯ ಹತ್ತಿರದ ಸ್ತವನಿಧಿಯಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಹಿರಿಯರು ಈ ಲೆಕ್ಕವನ್ನು ಅರಿತಿದ್ದರು. ರೈತರ ಮಕ್ಕಳು ಪೇಟೆಯ ಶಾಲೆಗೆ ಹೋಗಲೆಂದು ಅವರು ಭಾಷಣ ಮಾಡಿ ಬಿಡಲಿಲ್ಲ. ಕೊಲ್ಹಾಪುರ, ಸಾಂಗಲಿ ಮುಂತಾದೆಡೆ ಬೋರ್ಡಿಂಗುಗಳನ್ನು ತೆರೆದರು. ಅಲ್ಲಿ ಜೈನ ಊಟವಿತ್ತು, ದೇವದರ್ಶನವಿತ್ತು. ಮಗನನ್ನು ಇಂಗ್ಲಿಷ್ ಶಾಲೆಗೆ ಕಳಿಸಿದರೆ ಆಚಾರ ಕೆಡುತ್ತದೆಂಬ ತಂದೆಯ ಅಂಜಿಕೆಯ ಬೆಲೆಯನ್ನು ಸಮಾಜ ತಾನೇ ತೆತ್ತಿತು. ಅಲ್ಲಿಯೂ ಎಲ್ಲೆಗಳಿದ್ದವು. ಕುಂಭೋಜದ ಭಾವುರಾವ್ ಪಾಟೀಲರು ಅಸ್ಪೃಶ್ಯರ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು, ಶುದ್ಧಿಯ ಸ್ನಾನ ಮಾಡಲಾರೆನೆಂದಾಗ ಕೊಲ್ಹಾಪುರದ ಜೈನ ಬೋರ್ಡಿಂಗನ್ನು ಬಿಡಬೇಕಾಯಿತು. ಅವರೇ 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, ಎಲ್ಲ ಜಾತಿಯ ಮಕ್ಕಳನ್ನೂ ಒಂದೇ ಸೂರಿನಡಿ ಓದಿಸಿದರು. ಸುಧಾರಣೆಯ ಸಂಸ್ಥೆಯೂ ತನ್ನದೇ ರೂಢಿಗೆ ಅಂಟಿಕೊಳ್ಳಬಲ್ಲದೆಂಬ ಎಚ್ಚರಿಕೆ ಅದರಲ್ಲಿದೆ.

ಆ ಹಿರಿಯರಂತೆ ಮೊದಲ ಹೆಜ್ಜೆಯ ಭಾರವನ್ನು ಹಂಚಿಕೊಳ್ಳಲು ಈ ಸಭೆಯ ಮುಂದೆ ನಾಲ್ಕು ಸಣ್ಣ ಸೂಚನೆಗಳಿವೆ. ತಂದೆತಾಯಿಗಳು ಬದುಕಿರುವಾಗಲೇ, ಮಗ ಮಗಳು ಇಬ್ಬರನ್ನೂ ಕೂರಿಸಿಕೊಂಡು ಆಸ್ತಿಯ ಪಟ್ಟಿ ಓದಲಿ, ಮರಣಪತ್ರ ಬರೆಯಲಿ. ತಂದೆಯೇ ಕೊಟ್ಟಾಗ ಮಗಳು ಕೇಳಿದವಳಾಗುವುದಿಲ್ಲ. ಸಾವಿನ ಮನೆಯಲ್ಲಿ ಮೂರು ತಿಂಗಳು ಯಾವ ಹಕ್ಕುಬಿಡುಗಡೆ ಪತ್ರಕ್ಕೂ ಸಹಿ ಕೇಳಬಾರದೆಂಬ ಕಟ್ಟುಪಾಡು ಬರಲಿ. ಸಹಿ ಹಾಕುವ ಮುನ್ನ ಪಾಲಿನ ಬೆಲೆ ಎಷ್ಟೆಂದು ಕಾಗದದ ಮೇಲೆ ಬರೆದು ಅವಳ ಕೈಗೆ ಕೊಡಲಿ. ಬಿಡುವುದಾದರೆ ತಿಳಿದು ಬಿಡಲಿ. ಕೊನೆಯದಾಗಿ, ಮಾತು ಅಣ್ಣತಮ್ಮಂದಿರಿಂದ ಆರಂಭವಾಗಲಿ. ಅದೂ ಹತ್ತು ಮನೆಗಳಲ್ಲಿ ಒಂದೇ ವರ್ಷ. ಹತ್ತು ಮನೆಗಳು ಒಟ್ಟಿಗೆ ಮಾಡಿದರೆ ‘ಅವರ ಮನೆಯಲ್ಲಿ ಹೆಣ್ಣುಮಕ್ಕಳು ಪಾಲು ಕಿತ್ತರಂತೆ’ ಎಂದು ಬೆರಳು ತೋರಿಸಲು ಒಂದು ಮನೆ ಸಿಗುವುದಿಲ್ಲ.

2014ರಲ್ಲಿ ಕೇಂದ್ರ ಸರಕಾರ ಜೈನರನ್ನು ಅಲ್ಪಸಂಖ್ಯಾತ ಸಮುದಾಯವೆಂದು ಘೋಷಿಸಿದಾಗ ಹಬ್ಬ ಆಚರಿಸಲಾಯಿತು. ಸರಕಾರದ ಎದುರು ಸಣ್ಣವರು ಹಕ್ಕು ಕೇಳುವುದು ಗೌರವವೆಂದು ಒಪ್ಪಿದ ಸಮಾಜ, ಮನೆಯ ಪಡಸಾಲೆಯಲ್ಲಿ ತಂಗಿ ಕೇಳುವ ಮೊದಲೇ ಅವಳ ಪಾಲನ್ನು ಮುಂದಿಡಬಲ್ಲದು. ಇಂದು ಮನೆಗೆ ಹೋದ ಮೇಲೆ ಒಬ್ಬ ಅಣ್ಣನಾದರೂ ತಂಗಿಗೆ ಫೋನು ಮಾಡಿ, ‘ಅಪ್ಪನ ಕಾಗದಪತ್ರ ಒಮ್ಮೆ ಕೂಡಿ ನೋಡೋಣ, ಬಾರವ್ವ’ ಎಂದರೆ ಈ ಸಭೆ ಕೂಡಿದ್ದು ಸಾರ್ಥಕ.